ಮಲ್ಪೆಯಲ್ಲಿ ಕವಡೆ ಯಾಕೆ ಸಿಗಲಿಲ್ಲ ಅಂದ್ರೆ
ಕೋಲಾರದ ನಿಮ್ಮಜ್ಜಿಯ ಚೌಕಾಬಾರದ ಕವಡೆ ಯಾವ ಸಮುದ್ರದ್ದು, ಮಲ್ಪೆಯಲ್ಲಿ ಹುಡುಕಿದ್ರೂ ಒಂದೂ ಸಿಗಲಿಲ್ಲ ಅಂತ ಕೇಳಿದ್ರಲ್ಲ. ಫೋಟೋ ನೋಡಿದೆ. ತಿಳಿಹಳದಿ ಬೆನ್ನು, ಅಂಚಲ್ಲಿ ಗಂಟುಗಂಟು. ಹಿಂದೆ ದುಡ್ಡಾಗಿ ಓಡಾಡಿದ ಕವಡೆಯೇ ಅದು. ಇದಕ್ಕೆ ಹವಳದ ದಿಬ್ಬ ಇಷ್ಟ, ಹಾಗಾಗಿ ಲಕ್ಷದ್ವೀಪ, ಮಾಲ್ಡೀವ್ಸ್ ಕಡೆ ಹೇರಳ. ಅಲ್ಲಿಂದ ಹಡಗಲ್ಲಿ ಬಂಗಾಳಕ್ಕೂ ಹೋಗ್ತಿತ್ತು. ಮಲ್ಪೆ ಮರಳಲ್ಲಿ ಎರಡು ಹೋಳಿನ ಚಿಪ್ಪುಗಳೇ ಜಾಸ್ತಿ.

ಆ ಹೊಳಪು ಪಾಲಿಶ್ ಅಲ್ಲ. ಬದುಕಿದ್ದಾಗ ಒಳಗಿನ ಜೀವಿ ತನ್ನ ಮೈಪದರವನ್ನ ಸೆರಗಿನ ಹಾಗೆ ಚಿಪ್ಪಿನ ಮೇಲೆ ಹೊದಿಸುತ್ತೆ, ಅದರಿಂದ ಬಂದದ್ದು.

ತೊಳೆಯೋದಾದ್ರೆ ಬರೀ ನೀರು ಸಾಕು. ತುಮಕೂರಲ್ಲಿ ನಮ್ಮಮ್ಮ ಹಿತ್ತಾಳೆ ದೀಪದ ಜೊತೆ ಕವಡೆನೂ ಹುಣಸೆಹಣ್ಣಲ್ಲಿ ತಿಕ್ಕಿದ್ರು. ಸುಣ್ಣದ ಚಿಪ್ಪಲ್ವಾ, ಹುಳಿಗೆ ಮೇಲ್ಮೈ ಕರಗಿ ಈಗ ಬಳಪದ ತುಂಡಿನ ಥರ ಇವೆ.