ಕೆವಿಎಂ ಮಷಿನ್‌ಗಳನ್ನು ಎಪಿಐ ಮೂಲಕ ನೋಡಿಕೊಳ್ಳಲು ಪೈಥಾನ್ ಲಿಬ್‌ವರ್ಟ್ ಸಾಕಾ, ನಮ್ಮದೇ ರೆಸ್ಟ್ ಸರ್ವಿಸ್ ಬರೀಬೇಕಾ?

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಕೊನೆಯ ಸಾಲಿನಲ್ಲಿ. "30 ವಿಎಂ ಇವೆ, ಹೊಸದನ್ನು ಮಾಡುವುದು, ಬೇಡದ್ದನ್ನು ಅಳಿಸುವುದು ಎರಡೂ ತಾನಾಗೇ ಆಗಬೇಕು" ಅಂತ ಬರೆದಿದ್ದೀರಲ್ಲ, ಅದು. ವಿಎಂ ಅಂದರೆ ಒಂದು ನಿಜವಾದ ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್; ಲಿನಕ್ಸ್‌ನಲ್ಲಿ ಅದನ್ನು ಓಡಿಸುವುದು ಕೆವಿಎಂ, ಕೋಡ್‌ನಿಂದ ನೋಡಿಕೊಳ್ಳಲು ಇರುವ ಲೈಬ್ರರಿ ಲಿಬ್‌ವರ್ಟ್. ಅದನ್ನು ಪೈಥಾನ್‌ನಿಂದ ನೇರವಾಗಿ ಕರೆಯುವುದಾ, ರೆಸ್ಟ್ (ವೆಬ್ ವಿಳಾಸಗಳ ಮೂಲಕ ಕರೆಯುವ) ಸರ್ವಿಸ್ ಬರೆಯುವುದಾ ಅನ್ನೋದು ಆಮೇಲಿನ ಮಾತು. ನಾನೂ ಇದೇ ಜಾಗದಲ್ಲಿದ್ದೆ, ನಾನೂ ಮಾಡುವುದು, ಅಳಿಸುವುದು ಎರಡನ್ನೂ ಒಟ್ಟಿಗೆ ಆಟೋಮೇಟ್ ಮಾಡಲು ಹೋದೆ.

ಆಗ ನಮ್ಮ ಹತ್ತಿರ ಎರಡು ಕೆವಿಎಂ ಹೋಸ್ಟ್ (ವಿಎಂಗಳನ್ನು ಓಡಿಸುವ ನಿಜವಾದ ಸರ್ವರ್) ಇದ್ದವು. ಡಿಸ್ಕ್ ಯಾವಾಗಲೂ ತುಂಬಿರುತ್ತಿತ್ತು. ಹೋಸ್ಟ್‌ನಲ್ಲಿ ಜಾಗ ಮುಗಿದರೆ ಬರೆಯಲು ಹೋದ ವಿಎಂ ಅಲ್ಲೇ ಪಾಜ್ ಆಗಿ ನಿಲ್ಲುತ್ತದೆ, ರಾತ್ರಿ ಫೋನ್ ಬರುತ್ತದೆ. ಜಾಗ ತಿನ್ನುತ್ತಿದ್ದುದು ಹಳೆಯ ಡಿಸ್ಕ್ ಫೈಲ್‌ಗಳು (ವಿಎಂನ ಡಿಸ್ಕ್ ಅಂದರೆ ಹೋಸ್ಟ್‌ನಲ್ಲಿರುವ ಒಂದು ಫೈಲ್). ಲಿಬ್‌ವರ್ಟ್‌ನಲ್ಲಿ ಒಂದು ಮಷಿನ್ನನ್ನು ಅನ್‌ಡಿಫೈನ್ ಮಾಡಿದರೆ ಅದರ ದಾಖಲೆ ಮಾತ್ರ ಹೋಗುತ್ತದೆ, ನೀವಾಗಿ ಹೇಳದೇ ಇದ್ದರೆ ಡಿಸ್ಕ್ ಹಾಗೇ ಉಳಿಯುತ್ತದೆ. ಎರಡು ವರ್ಷ ಹೀಗೆ ಉಳಿದದ್ದು ರಾಶಿ ಬಿದ್ದಿತ್ತು.

ಪೈಥಾನ್‌ನಲ್ಲಿ ಸುಮಾರು 40 ಸಾಲು ಬರೆದೆ. ಎಲ್ಲ ಮಷಿನ್‌ಗಳ ಪಟ್ಟಿ ತಗೋ, ಪ್ರತಿಯೊಂದರ ಎಕ್ಸ್‌ಎಂಎಲ್ (ಸೆಟ್ಟಿಂಗ್‌ಗಳ ದಾಖಲೆ) ಓದಿ ಡಿಸ್ಕ್ ಎಲ್ಲಿದೆ ನೋಡು, ಇಮೇಜಸ್ ಫೋಲ್ಡರ್‌ನಲ್ಲಿ ಯಾರಿಗೂ ಸೇರದ ಫೈಲ್ ಸಿಕ್ಕರೆ ಅಳಿಸು. ಮೊದಲು ಪಟ್ಟಿಯನ್ನು ಪ್ರಿಂಟ್ ಮಾಡಿ ಕಣ್ಣಾಡಿಸಿಯೂ ನೋಡಿದೆ. ಆದರೆ ನಮ್ಮ ಡಿಸ್ಕ್‌ಗಳ ಹೆಸರೆಲ್ಲ ಉದ್ದುದ್ದ ಯುಯುಐಡಿ (ಅಕ್ಷರ, ಅಂಕಿ ಬೆರೆತ ಗುರುತು). ನೋಡಿದರೆ ಎಲ್ಲವೂ ಕಸದಂತೆಯೇ ಕಾಣುತ್ತಿತ್ತು. ಓಡಿಸಿದೆ. ಅರ್ಧದಷ್ಟು ಜಾಗ ಖಾಲಿಯಾಯಿತು, ಎಲ್ಲರಿಗೂ ಖುಷಿ.

ತಪ್ಪು ಇದ್ದದ್ದು "ಎಲ್ಲ ಮಷಿನ್‌ಗಳ ಪಟ್ಟಿ" ಅನ್ನುವಲ್ಲಿ. ನಾನು ಕರೆದ ಫಂಕ್ಷನ್ ಲಿಸ್ಟ್‌ಡೊಮೇನ್ಸ್‌ಐಡಿ. ಲಿಬ್‌ವರ್ಟ್‌ನಲ್ಲಿ ಡೊಮೇನ್ ಅಂದರೆ ವಿಎಂ, ಹಾಗಾಗಿ ಡೊಮೇನ್‌ಗಳ ಪಟ್ಟಿ ಅಂದರೆ ವಿಎಂಗಳ ಪಟ್ಟಿ, ಅಷ್ಟೇ ಅಲ್ವಾ ಅಂದುಕೊಂಡೆ. ಅಲ್ಲ. ಅಲ್ಲಿ ಐಡಿ ಅನ್ನುವುದು ಆ ಕ್ಷಣಕ್ಕೆ ಆನ್ ಇರುವ ಮಷಿನ್‌ಗೆ ಮಾತ್ರ ಸಿಗುವ ಸಂಖ್ಯೆ. ಮಷಿನ್ ಆಫ್ ಆದರೆ ಅದರ ಐಡಿ ಮೈನಸ್ ಒಂದು, ಮತ್ತೆ ಆನ್ ಮಾಡಿದರೆ ಹೊಸ ಸಂಖ್ಯೆ. ಬದಲಾಗದೇ ಇರುವುದು ಯುಯುಐಡಿ ಒಂದೇ. ಹಾಗಾಗಿ ಆ ಫಂಕ್ಷನ್ ಕೊಡುವುದು ಓಡುತ್ತಿರುವವುಗಳ ಪಟ್ಟಿ. ಆಫ್ ಆಗಿರುವವಕ್ಕೆ ಲಿಸ್ಟ್‌ಡಿಫೈನ್ಡ್‌ಡೊಮೇನ್ಸ್ ಅಂತ ಬೇರೆಯೇ ಇದೆ. ಕಮಾಂಡ್ ಲೈನ್‌ನಲ್ಲೂ ಇದೇ ಕಥೆ: ಲಿಬ್‌ವರ್ಟ್‌ನ ಕಮಾಂಡ್ ವರ್ಶ್, ಅದರಲ್ಲಿ ವರ್ಶ್ ಲಿಸ್ಟ್ ಅಂದರೆ ಓಡುತ್ತಿರುವುದು ಮಾತ್ರ, ಜೊತೆಗೆ ಆಲ್ ಅಂತ ಸೇರಿಸಿದರೆ ಪೂರ್ತಿ ಪಟ್ಟಿ. ಅದನ್ನು ನೂರು ಸಲ ಟೈಪ್ ಮಾಡಿದವನು ನಾನು, ಕೋಡ್ ಬರೆಯುವಾಗ ಹೊಳೆಯಲೇ ಇಲ್ಲ. ಮತ್ತೆ ಎರಡನ್ನೂ ಒಂದರ ಹಿಂದೆ ಒಂದು ಕರೆದು ಕೂಡಿಸಿಕೊಂಡರೂ ಪೂರ್ತಿ ಸರಿಯಲ್ಲ. ಎರಡು ಕರೆಗಳ ನಡುವೆ ಒಂದು ಮಷಿನ್ ಆನ್ ಆದರೆ ಅದು ಎರಡರಲ್ಲೂ ತಪ್ಪಿಹೋಗಬಹುದು. ಅದಕ್ಕೇ 2012ರಲ್ಲಿ ಲಿಸ್ಟ್‌ಆಲ್‌ಡೊಮೇನ್ಸ್ ಬಂತು, ಒಂದೇ ಏಟಿಗೆ ಎಲ್ಲವನ್ನೂ ಕೊಡುತ್ತದೆ. ನಾನು ನೋಡಿ ಬರೆದ ಉದಾಹರಣೆ ಅದಕ್ಕಿಂತ ಹಳೆಯದು.

ಅಂದರೆ ಆ ದಿನ ಆಫ್ ಆಗಿದ್ದ ಪ್ರತಿ ಮಷಿನ್‌ನ ಡಿಸ್ಕನ್ನೂ ನಾನು ಅಳಿಸಿದ್ದೆ.

11 ದಿನ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ತಿಂಗಳ ಕೊನೆಗೆ ಮಾತ್ರ ಆನ್ ಮಾಡುವ ಲೆಕ್ಕಪತ್ರದ ಮಷಿನ್ ಸ್ಟಾರ್ಟ್ ಆಗಲಿಲ್ಲ. ಸ್ಟೋರೇಜ್ ಫೈಲ್ ಸಿಗುತ್ತಿಲ್ಲ ಅಂತ ಎರರ್. ಆ ಸಾಲನ್ನು ನೋಡುತ್ತಾ ಕೂತಿದ್ದಾಗ ನನ್ನ ಕೈ ತಣ್ಣಗಾಗಿದ್ದು ಈಗಲೂ ನೆನಪಿದೆ. ಬ್ಯಾಕಪ್ ತೆಗೆದು ನೋಡಿದರೆ ಆ ಮಷಿನ್ ಅದರಲ್ಲೂ ಇಲ್ಲ, ಯಾಕಂದರೆ ಬ್ಯಾಕಪ್ ಸ್ಕ್ರಿಪ್ಟ್ ಕೂಡ ನನ್ನದೇ, ಅದರಲ್ಲೂ ಅದೇ ಫಂಕ್ಷನ್. ಅಷ್ಟು ದಿನ ಹೋಸ್ಟ್ ಅದೇ ಜಾಗದ ಮೇಲೆ ಬೇರೆ ಏನೇನೋ ಬರೆದಿತ್ತು. ಆ ಡಿಸ್ಕ್ ವಾಪಸ್ ಬರಲಿಲ್ಲ. ಕಾಗದದ ಮೇಲಿದ್ದ ಲೆಕ್ಕವನ್ನು ಇಬ್ಬರು ಕೂತು ಮತ್ತೆ ಟೈಪ್ ಮಾಡಿದರು, ಮೂರು ವಾರ. ಅವರ ಮುಖ ನೋಡುವುದು ನನಗೆ ಬಹಳ ಕಷ್ಟವಾಗಿತ್ತು.

ಒಂದನ್ನು ಮಾತ್ರ ಉಳಿಸಿಕೊಂಡೆ. ನಮ್ಮ ಟೆಂಪ್ಲೇಟ್ ಮಷಿನ್ (ಹೊಸ ವಿಎಂಗಳಿಗೆ ಅಚ್ಚು) ಯಾವಾಗಲೂ ಆಫ್ ಇರುತ್ತಿತ್ತು, ಅದರ ಡಿಸ್ಕ್ ಮೇಲೆ ಎಂಟು ವಿಎಂಗಳು ಲಿಂಕ್ಡ್ ಕ್ಲೋನ್ (ಮೂಲ ಡಿಸ್ಕನ್ನೇ ಹಂಚಿಕೊಂಡು ತಮ್ಮ ಬದಲಾವಣೆ ಮಾತ್ರ ಬೇರೆ ಇಟ್ಟುಕೊಳ್ಳುವ ನಕಲು) ಆಗಿ ನಿಂತಿದ್ದವು. ಆ ಬೇಸ್ ಫೈಲೂ ಹೋಗಿತ್ತು. ಆದರೂ ಎಂಟೂ ಓಡುತ್ತಲೇ ಇದ್ದವು! ಲಿನಕ್ಸ್‌ನಲ್ಲಿ ಒಂದು ಪ್ರೋಸೆಸ್ ತೆರೆದಿಟ್ಟುಕೊಂಡ ಫೈಲನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ, ಅದನ್ನು ಹಿಡಿದವರೆಲ್ಲ ಬಿಡುವ ತನಕ ಒಳಗಿರುವುದು ಇರುತ್ತದೆ. ಪ್ರೋಕ್ ಫೋಲ್ಡರ್‌ನಲ್ಲಿ ಕ್ಯೂಇಎಂಯು (ವಿಎಂ ಓಡಿಸುವ ಪ್ರೋಗ್ರಾಂ) ಪ್ರೋಸೆಸ್‌ನ ಎಫ್‌ಡಿ (ತೆರೆದಿಟ್ಟ ಫೈಲ್‌ಗಳ) ಪಟ್ಟಿ ತೆಗೆದಾಗ ಆ ಫೈಲಿನ ಮುಂದೆ ಡಿಲೀಟೆಡ್ ಅಂತ ಇತ್ತು. ಅಲ್ಲಿಂದಲೇ ಕಾಪಿ ಮಾಡಿದೆ. ಬೇಸ್ ಫೈಲಿಗೆ ಯಾರೂ ಬರೆಯುವುದಿಲ್ಲವಾದ್ದರಿಂದ ಕಾಪಿ ಸರಿಯಾಗಿ ಬಂತು. ಅವತ್ತು ಯಾರಾದರೂ ಹೋಸ್ಟನ್ನು ರೀಸ್ಟಾರ್ಟ್ ಮಾಡಿದ್ದರೆ ಎಂಟೂ ಹೋಗುತ್ತಿದ್ದವು.

ಈಗ ನಿಮ್ಮ ಪ್ರಶ್ನೆ. ರೆಸ್ಟ್ ಸರ್ವಿಸ್ ಬರೆಯಬೇಡಿ. ಪೈಥಾನ್ ಬೈಂಡಿಂಗ್ (ಪೈಥಾನ್‌ನಿಂದ ಲಿಬ್‌ವರ್ಟ್ ಕರೆಯುವ ಮಾಡ್ಯೂಲ್) ಸಾಕು, ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಸುರಕ್ಷಿತ ಸಂಪರ್ಕ) ಮೇಲೆ ಬೇರೆ ಹೋಸ್ಟ್‌ಗೂ ಅದೇ ಕನೆಕ್ಟ್ ಆಗುತ್ತದೆ. 30 ಮಷಿನ್‌ಗೆ ನಡುವೆ ಇನ್ನೊಂದು ಪದರ ಯಾಕೆ? ಆದರೆ ಹೊಸದು ಮಾಡುವುದು ಮತ್ತು ಅಳಿಸುವುದು ಒಂದೇ ಕೆಲಸದ ಎರಡು ತುದಿ ಅಂದುಕೊಂಡಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ಮಾಡುವುದನ್ನು ಇವತ್ತೇ ಆಟೋಮೇಟ್ ಮಾಡಿ. ಅಳಿಸುವುದನ್ನು ಆರು ತಿಂಗಳು ಕೈಯಿಂದಲೇ ಮಾಡಿ. ಆಮೇಲೂ "ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಬೇಡ" ಅನ್ನುವ ಲೆಕ್ಕದ ಮೇಲೆ ಏನನ್ನೂ ಅಳಿಸಬೇಡಿ. ಮಷಿನ್ ಮಾಡುವಾಗಲೇ ಅದರ ಎಕ್ಸ್‌ಎಂಎಲ್‌ನ ಮೆಟಾಡೇಟಾ ಜಾಗದಲ್ಲಿ ಯಾರದ್ದು, ಯಾವಾಗ ತೆಗೆಯಬಹುದು ಅಂತ ಬರೆದಿಡಿ. ಆ ಗುರುತು ಇದ್ದದ್ದನ್ನು ಮಾತ್ರ ಮುಟ್ಟಿ. ಆಗಲೂ ಡಿಸ್ಕನ್ನು ಅದೇ ಫೈಲ್ ಸಿಸ್ಟಮ್‌ನ ಇನ್ನೊಂದು ಫೋಲ್ಡರ್‌ಗೆ ಸರಿಸಿ 45 ದಿನ ಬಿಡಿ, ಒಂದು ತಿಂಗಳ ಕೊನೆಯಾದರೂ ಅದರೊಳಗೆ ಬರಲಿ. ಜಾಗ ಸಾಲದಿದ್ದರೆ ಡಿಸ್ಕ್ ಕೊಂಡುಕೊಳ್ಳಿ.

ಇನ್ನೊಂದು, ಡೆಸ್ಟ್ರಾಯ್ ಅನ್ನುವ ಕರೆ ನೋಡಿ ಹೆದರಬೇಡಿ, ಅದು ಡಿಸ್ಕ್ ಅಳಿಸುವುದಿಲ್ಲ. ಆದರೆ ಓಡುತ್ತಿರುವ ಮಷಿನ್‌ನ ಪ್ಲಗ್ ಕಿತ್ತ ಹಾಗೆ. ಶಟ್‌ಡೌನ್ ಬರೀ ವಿನಂತಿ, ಒಳಗಿರುವ ಓಎಸ್ ಕೇಳದೇನೂ ಇರಬಹುದು. ಕರೆ ವಾಪಸ್ ಬಂದ ಮಾತ್ರಕ್ಕೆ ಆಫ್ ಆಯಿತು ಅಂದುಕೊಳ್ಳದೆ ಸ್ಥಿತಿ ಕೇಳಿ ನೋಡಿ.

ಬರೀ ಪಟ್ಟಿ ಮಾಡುವ, ವರದಿ ಕೊಡುವ ಕೋಡ್‌ಗೆಲ್ಲ ಓಪನ್‌ರೀಡ್‌ಓನ್ಲಿ ಕನೆಕ್ಷನ್ ಬಳಸಿ, ಅದರಲ್ಲಿ ಲಿಬ್‌ವರ್ಟ್ ಬದಲಾವಣೆ ಮಾಡಲು ಬಿಡುವುದಿಲ್ಲ. ನನ್ನನ್ನು ಅದೂ ಉಳಿಸುತ್ತಿರಲಿಲ್ಲ, ಯಾಕಂದರೆ ನಾನು ಫೈಲನ್ನು ಲಿಬ್‌ವರ್ಟ್ ಮೂಲಕ ಅಲ್ಲ, ನೇರವಾಗಿ ಪೈಥಾನ್‌ನ ಓಎಸ್ ರಿಮೂವ್‌ನಿಂದ ಅಳಿಸಿದ್ದೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಅಂಥ ಸಾಲು ಇದೆಯಾ ಅಂತ ಇವತ್ತೇ ಹುಡುಕಿ. ಬ್ಯಾಕಪ್ ಸ್ಕ್ರಿಪ್ಟ್ ಯಾವ ಪಟ್ಟಿಯಿಂದ ಶುರುವಾಗುತ್ತದೆ ಅಂತಲೂ ನೋಡಿ.