ತಪ್ರೊಬಾನೆ: ಹೆಸರು ಎಲ್ಲಿಯದು?

ಪ್ರಶ್ನೆ: ಪ್ರಾಚೀನ ಲ್ಯಾಟಿನ್ ಗ್ರಂಥಗಳು ಶ್ರೀಲಂಕೆಯನ್ನು 'ತಪ್ರೊಬಾನೆ' ಎಂದು ಕರೆಯುತ್ತವೆ, ಅದರ ಮೂಲ ಅಶೋಕನ ಶಾಸನಗಳಲ್ಲಿದೆ ಎಂದು ಓದಿದ್ದೇನೆ. ನಮ್ಮೂರಿನ ಗವಿಮಠದ ಶಾಸನದಲ್ಲಿ ಅದು ಇದೆಯೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಗವಿಮಠದಲ್ಲಿ ಇಲ್ಲ; ಪಾಲ್ಕಿಗುಂಡು, ಮಸ್ಕಿ, ನಿಟ್ಟೂರು, ಉಡೇಗೋಳಗಳಲ್ಲಿಯೂ ಇಲ್ಲ. ಇವೆಲ್ಲ ಧರ್ಮಾಚರಣೆಯನ್ನು ಬೋಧಿಸುವ ಕಿರು ಬಂಡೆ ಶಾಸನಗಳು. ನೆರೆನಾಡುಗಳ ಹೆಸರು ಬರುವುದು 14 ಬೃಹತ್ ಬಂಡೆ ಶಾಸನಗಳ ಪೈಕಿ 2 ಮತ್ತು 13ನೆಯವುಗಳಲ್ಲಿ. ಅವನ್ನು ನೋಡುವ ಆಸೆಯಿದ್ದರೆ ಬಳ್ಳಾರಿಯಿಂದ ಗುಂತಕಲ್ಲು, ಗುತ್ತಿಯ ದಾರಿ ಹಿಡಿದು ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡಾದ ನಾಡುಗಳನ್ನು ಹೇಳುವಾಗ 2ನೆಯ ಶಾಸನವು ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರನ್ನು ಹೆಸರಿಸಿ, 'ತಂಬಪಂಣಿಯವರೆಗೆ' ಎನ್ನುತ್ತದೆ.

ಸಂಸ್ಕೃತದ ತಾಮ್ರಪರ್ಣಿಯ ಪ್ರಾಕೃತ ರೂಪವಿದು. ಗ್ರೀಕರ ಬಾಯಲ್ಲಿ ಇದೇ ತಪ್ರೊಬಾನೆಯಾಯಿತು. ಅಲೆಕ್ಸಾಂಡರನೊಡನೆ ಬಂದ ಒನೆಸಿಕ್ರಿಟಸ್, ಆಮೇಲಿನ ಮೆಗಸ್ತನೀಸ್ ಇಬ್ಬರೂ ಇದನ್ನು ಬಲ್ಲರು. ಲ್ಯಾಟಿನ್ ಲೇಖಕರು ಅವರಿಂದ ಕಡ ಪಡೆದರಷ್ಟೆ. ಸಿಂಹಳದ ಮೊದಲ ರಾಜನೆಂದು ಹೇಳಲಾಗುವ ವಿಜಯನ ಸಂಗಡಿಗರು ದಡದಲ್ಲಿ ಕೈಯೂರಿದಾಗ ಅಂಗೈ ಕೆಂಪಾದದ್ದರಿಂದ ಈ ಹೆಸರು ಬಂತೆಂದು ಶ್ರೀಲಂಕೆಯ ಪಾಲಿ ಇತಿಹಾಸಕಾವ್ಯ ಮಹಾವಂಸ ಹೇಳುತ್ತದೆ. ಹೆಸರು ಮೊದಲಿದ್ದು, ಕಥೆ ಬಳಿಕ ಹುಟ್ಟಿದಂತೆ ನನಗೆ ತೋರುತ್ತದೆ.

ಲ್ಯಾಟಿನ್‌ನಲ್ಲಿ ಈ ದ್ವೀಪವನ್ನು ಕುರಿತ ಸ್ವಾರಸ್ಯಕರವಾದ ವರ್ಣನೆ 1ನೆಯ ಶತಮಾನದ ಪ್ಲಿನಿಯದು. ಕೆಂಪು ಸಮುದ್ರದ ಸುಂಕವನ್ನು ಗುತ್ತಿಗೆ ಹಿಡಿದಿದ್ದ ಆನ್ನಿಯಸ್ ಪ್ಲೊಕಾಮಸ್ ಎಂಬವನ ವಿಮುಕ್ತ ದಾಸನೊಬ್ಬ ಅರೇಬಿಯದ ಬಳಿ ಗಾಳಿಗೆ ಸಿಕ್ಕಿ ಅಲ್ಲಿಗೆ ತಲಪಿದನಂತೆ. ಅವನ ಬಳಿಯಿದ್ದ ನಾಣ್ಯಗಳ ಮೇಲೆ ಬೇರೆ ಬೇರೆ ಮುಖಗಳಿದ್ದರೂ ತೂಕ ಒಂದೇ ಆಗಿದ್ದುದನ್ನು ಕಂಡು ರೋಮನರ ಪ್ರಾಮಾಣಿಕತೆಗೆ ಮೆಚ್ಚಿದ ಅಲ್ಲಿನ ರಾಜ, ಚಕ್ರವರ್ತಿ ಕ್ಲಾಡಿಯಸನಲ್ಲಿಗೆ ನಾಲ್ವರು ದೂತರನ್ನು ಕಳುಹಿಸಿದ.

ಆ ಕಾಲಕ್ಕಾಗಲೇ ಈ ಹೆಸರು ಹಳತಾಗುತ್ತಿತ್ತು: 2ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ತನ್ನ ಕಾಲದ ಹೆಸರು 'ಸಾಲಿಕೆ' ಎನ್ನುತ್ತಾನೆ, 6ನೆಯ ಶತಮಾನದ ಗ್ರೀಕ್ ಲೇಖಕ ಕಾಸ್ಮಸ್ 'ಸೀಲೆದೀಬ' ಎಂದು ಬರೆಯುತ್ತಾನೆ. ಆದರೂ ಹಳೆಯ ಹೆಸರು ಪುಸ್ತಕಗಳಲ್ಲಿ ಉಳಿದುಕೊಂಡು, ಕೊನೆಗೆ ಬೇರೊಂದು ದ್ವೀಪಕ್ಕೆ ಅಂಟಿಕೊಂಡಿತು. ಅದಕ್ಕೆ ಕಾರಣರಾದವರಲ್ಲಿ 1420ರ ಸುಮಾರಿಗೆ ನಿಮ್ಮ ನೆರೆಯ ವಿಜಯನಗರವನ್ನು ಕಂಡ ವೆನಿಸ್ಸಿನ ನಿಕೊಲೊ ಕೊಂಟಿಯೂ ಒಬ್ಬ. ಇಟಲಿಯ ವಿದ್ವಾಂಸ ಪೊಜ್ಜೊ ಲ್ಯಾಟಿನ್‌ನಲ್ಲಿ ಬರೆದುಕೊಂಡ ಅವನ ವೃತ್ತಾಂತದಲ್ಲಿ ಸಿಂಹಳ 'ಜೈಲಂ' ಎಂದೇ ಇದೆ. ತಪ್ರೊಬಾನೆ ಎಂದರೆ ಸುಮಾತ್ರ! ಆದ್ದರಿಂದ 16ನೆಯ ಶತಮಾನದ ನಕ್ಷೆಯಲ್ಲಿ ಈ ಹೆಸರು ಕಂಡರೆ, ಭಾರತದ ತುದಿಯಲ್ಲಿ ಜೈಲಂ ಅಥವಾ ಅದನ್ನು ಹೋಲುವ ಹೆಸರಿನ ಬೇರೊಂದು ದ್ವೀಪವಿದೆಯೇ ನೋಡಿ. ಇದ್ದರೆ, ಆ ತಪ್ರೊಬಾನೆ ಸಾಮಾನ್ಯವಾಗಿ ಸುಮಾತ್ರವೇ.