ಅಭಿಷೇಕ ಯಾರಿಗೆ, ಯಾತಕ್ಕೆ?

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಎಡಗೈಯಲ್ಲಿ ಶಕ್ತಿ ಇಲ್ಲ. ಯಾರೋ ಹೇಳಿದರೆಂದು ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ದೇವಸೇವಕರು 'ನನ್ನ ಮೇಲೆ ವಿಶೇಷ ಅಭಿಷೇಕ ಇದೆ' ಎಂದು ಹೇಳಿ ಎಣ್ಣೆ ಹಚ್ಚಿದರು. ಕಾಣಿಕೆ ತೆಗೆದುಕೊಂಡು ಒಂದು ಬಾಟಲಿ ಎಣ್ಣೆಯನ್ನೂ ಕೊಟ್ಟರು. ವಾಸಿಯಾಗಲಿಲ್ಲ. ಕೇಳಿದ್ದಕ್ಕೆ ನಿಮ್ಮ ನಂಬಿಕೆ ಸಾಲದು ಅಂದರು. ನನ್ನ ತಮ್ಮ ಎದುರು ಮಾತಾಡಿದಾಗ, ದೇವರು ಅಭಿಷೇಕಿಸಿದವರನ್ನು ಮುಟ್ಟಬಾರದು ಎಂಬ ವಚನ ಹೇಳಿ ಹೆದರಿಸಿದರು. ಪಕ್ಕದ ಮನೆಯ ಕ್ಯಾಥೊಲಿಕ್ ಆಂಟಿ 'ನಮ್ಮ ಫಾದರನ್ನು ಕರೆಸಲಾ, ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ತಾರೆ' ಅಂದರೆ, 'ನಾನೇನು ಸಾಯ್ತಾ ಇದ್ದೀನಾ' ಎಂದು ಅಮ್ಮ ಅತ್ತುಬಿಟ್ಟರು. ಅಭಿಷೇಕ ಅಂದರೆ ನಿಜಕ್ಕೂ ಏನು? ನಮ್ಮಂಥವರಿಗೆ ಅದು ಇಲ್ಲವಾ? ಮನೆಯಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸುವುದಾದರೆ ಯಾವ ಎಣ್ಣೆ ಬಳಸಬೇಕು?
– ಒಬ್ಬ ಸಹೋದರಿ, ಹಾಸನ ಜಿಲ್ಲೆ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಪ್ರಿಯ ಸಹೋದರಿ, ಕರ್ತನ ಹೆಸರಿನಲ್ಲಿ ವಂದನೆಗಳು.

ಮೊದಲು ಅಮ್ಮನ ವಿಷಯ. ನಂಬಿಕೆ ಸಾಲದೆ ಕಾಯಿಲೆ ವಾಸಿಯಾಗಲಿಲ್ಲ ಎಂಬ ಮಾತನ್ನು ಅವರ ತಲೆಯಿಂದ ತೆಗೆಯಿರಿ. ಮಲಗಿದವರ ಮೇಲೆ ಇಂಥ ಭಾರ ಹೊರಿಸುವುದು ಕ್ರೂರ. ಅದಕ್ಕೆ ಸತ್ಯವೇದದ ಆಧಾರವೂ ಇಲ್ಲ.

ಯಾಕೋಬನ ಪತ್ರದ 5ನೇ ಅಧ್ಯಾಯ, 14ನೇ ವಚನ ತೆಗೆದು ನಿಧಾನವಾಗಿ ಓದಿ. ರೋಗಿಗಳಿಗೆ ಎಣ್ಣೆ ಹಚ್ಚುವ ಸಭೆಗಳೆಲ್ಲ ಆಧಾರವಾಗಿ ತೋರಿಸುವ ವಚನ ಇದೇ. ಅಲ್ಲಿ ರೋಗಿ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಕರೆ ಕಳುಹಿಸುತ್ತಾನೆ, ಸಭೆಯ ಹಿರಿಯರು ಅವನಿದ್ದಲ್ಲಿಗೆ ಬರುತ್ತಾರೆ. ಬರುವವರು ಒಬ್ಬರಲ್ಲ, ಹಲವರು. ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಕಾಣಿಕೆಯ ಸುದ್ದಿಯೇ ಇಲ್ಲ. ಮುಂದಿನ ವಚನದಲ್ಲಿ ನಂಬಿಕೆಯ ಪ್ರಾರ್ಥನೆ ಎಂದಿದೆಯಲ್ಲ, ಆ ಪ್ರಾರ್ಥನೆ ಮಾಡುತ್ತಿರುವವರು ಯಾರು? ಬಂದ ಹಿರಿಯರು. ಅಂದ ಮೇಲೆ ನಂಬಿಕೆಯ ಹೊಣೆ ಮೊದಲು ಅವರದು. ಹಾಸಿಗೆ ಹಿಡಿದವರನ್ನು ಯಾಕೋಬ ಪರೀಕ್ಷೆಗೆ ಕೂರಿಸುವುದಿಲ್ಲ.

ಸುವಾರ್ತೆಗಳಲ್ಲಿ ಒಮ್ಮೆ ವಾಸಿ ಮಾಡಲು ಹೋಗಿ ಆಗದೆ ನಿಂತದ್ದೂ ಇದೆ. ಮೂರ್ಛೆ ಬೀಳುತ್ತಿದ್ದ ಹುಡುಗನನ್ನು ತಂದೆ ಶಿಷ್ಯರ ಬಳಿಗೆ ಕರೆತಂದ. ಅವರ ಕೈಲಾಗಲಿಲ್ಲ. ಆಮೇಲೆ ಶಿಷ್ಯರು ಬೇರೆ ಯಾರೂ ಇಲ್ಲದಾಗ ಯೇಸುವಿನ ಬಳಿಗೆ ಬಂದು, ನಮ್ಮಿಂದ ಯಾಕೆ ಆಗಲಿಲ್ಲ ಎಂದು ಕೇಳಿದರು. ನಿಮ್ಮ ನಂಬಿಕೆ ಕಡಿಮೆ ಎಂದು ಯೇಸು ಸ್ವಾಮಿ ಹೇಳಿದ್ದು ಆ ಶಿಷ್ಯರಿಗೆ. ಹುಡುಗನಿಗೆ ಒಂದು ಮಾತೂ ಅನ್ನಲಿಲ್ಲ. 'ನಂಬುತ್ತೇನೆ, ನನ್ನ ಅಪನಂಬಿಕೆಗೆ ನೀನೇ ಸಹಾಯ ಮಾಡು' ಎಂದು ಅತ್ತ ತಂದೆಯನ್ನು ಬರಿಗೈಯಲ್ಲಿ ಕಳುಹಿಸಲೂ ಇಲ್ಲ. ಎಷ್ಟೋ ಜನರನ್ನು ವಾಸಿ ಮಾಡಿದ ಪೌಲನೇ ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲಿ ಮಿಲೇತದಲ್ಲಿ ಬಿಟ್ಟು ಬಂದೆ ಎಂದು ಬರೆದಿದ್ದಾನೆ. ತ್ರೊಫಿಮನ ನಂಬಿಕೆ ಸಾಲದು ಎಂದು ಬರೆದಿಲ್ಲ.

ಅಭಿಷೇಕ ಅಂದರೆ ಏನು ಎಂದು ಕೇಳಿದ್ದೀರಿ. ಮೂಲದಿಂದಲೇ ಹೋಗೋಣ. ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿ ಪವಿತ್ರ ತೈಲ ಮಾಡುವ ವಿಧಾನ ಇದೆ. ರಕ್ತಬೋಳ 500 ಶೆಕೆಲ್ (ಆ ಕಾಲದ ತೂಕ), ಚಕ್ಕೆ 250, ಸುವಾಸನೆಯ ಬಜೆ 250, ಚಕ್ಕೆಯ ಜಾತಿಯದೇ ಇನ್ನೊಂದು ತೊಗಟೆ 500, ಜೊತೆಗೆ ಒಂದು ಹಿನ್ ಅಳತೆ ಆಲಿವ್ ಎಣ್ಣೆ. ಅದನ್ನು ಆರಾಧನೆಯ ಗುಡಾರಕ್ಕೆ, ಬಲಿಪೀಠಕ್ಕೆ, ಪಾತ್ರೆಗಳಿಗೆ, ಯಾಜಕನಾದ ಆರೋನನಿಗೆ ಮತ್ತು ಅವನ ಮಕ್ಕಳಿಗೆ ಹಚ್ಚಬೇಕು. ಹಚ್ಚಿದ ಮೇಲೆ ಅವೆಲ್ಲ ದೇವರ ಕೆಲಸಕ್ಕೆ ಮೀಸಲು. ಅದೇ ಅಧ್ಯಾಯದಲ್ಲಿ ಒಂದು ಕಟ್ಟುನಿಟ್ಟಿನ ಆಜ್ಞೆಯೂ ಇದೆ: ಇಂಥ ತೈಲವನ್ನು ಯಾರೂ ತಮಗಾಗಿ ಮಾಡಿಕೊಳ್ಳಬಾರದು. ಪವಿತ್ರ ಎಂಬ ಹೆಸರಿನಲ್ಲಿ ಎಣ್ಣೆಯ ವ್ಯವಹಾರ ನಡೆಸುವವರು ಈ ವಚನದ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಮುಂದೆ ದಾವೀದನ ಕಥೆ ನಿಮಗೆ ಗೊತ್ತೇ ಇದೆ. ಇಷಯನ ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವನು, ಮನೆಯವರು ಲೆಕ್ಕಕ್ಕೇ ಇಟ್ಟುಕೊಳ್ಳದವನು. ಕುರಿ ಕಾಯುತ್ತಿದ್ದವನನ್ನು ಕರೆಸಿ ಪ್ರವಾದಿ ಸಮುವೇಲ ಕೊಂಬಿನ ಎಣ್ಣೆ ಸುರಿದ. ದೇವರ ಆತ್ಮ ಅವನ ಮೇಲೆ ಬಂತು. ಆದರೆ ಸ್ವಲ್ಪ ಮುಂದೆ ಓದಿದರೆ, ಆಗಿನ ಅರಸ ಸೌಲ ಆಳು ಕಳುಹಿಸಿದಾಗಲೂ ಈ ಹುಡುಗ ಕುರಿಗಳ ಜೊತೆಯಲ್ಲೇ ಇದ್ದಾನೆ! ಎಣ್ಣೆ ಬಿತ್ತು ಅಂತ ಸಿಂಹಾಸನ ಸಿಗಲಿಲ್ಲ. ಗುಹೆಯಿಂದ ಗುಹೆಗೆ ಓಡಿ, ಜೀವ ಕೈಯಲ್ಲಿ ಹಿಡಿದು ಬದುಕಿ, ಕೊನೆಗೆ 30ನೇ ವಯಸ್ಸಿನಲ್ಲಿ ಅರಸನಾದ. ಅಭಿಷೇಕದಿಂದ ಅವನಿಗೆ ಮೊದಲು ಬಂದದ್ದು ಕಷ್ಟ. ವೇದಿಕೆಗಳ ಮೇಲೆ ಈ ಭಾಗವನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಯೆಶಾಯನ 45ನೇ ಅಧ್ಯಾಯ ಇನ್ನೂ ಆಶ್ಚರ್ಯದ್ದು. ಅಲ್ಲಿ ದೇವರು ಪಾರಸಿಯ ಅರಸ ಕೋರೆಷನನ್ನೇ ತನ್ನ ಅಭಿಷಿಕ್ತ ಎಂದು ಕರೆಯುತ್ತಾರೆ. 'ನೀನು ನನ್ನನ್ನು ಅರಿಯದಿದ್ದರೂ' ಎಂದು ಅಲ್ಲೇ ಹೇಳುತ್ತಾರೆ ಕೂಡ. ಬಾಬೆಲಿನಲ್ಲಿ ಸೆರೆಯಲ್ಲಿದ್ದ ದೇವರ ಜನರನ್ನು ಊರಿಗೆ ಕಳುಹಿಸುವ ಕೆಲಸ ಅವನಿಂದ ಆಗಬೇಕಿತ್ತು. ಹಾಗಾಗಿ ನಾನು ತಿಳಿದಿರುವುದು ಇಷ್ಟು: ಸತ್ಯವೇದದಲ್ಲಿ ಅಭಿಷೇಕ ಅಂದರೆ ಬೇರೆಯವರಿಗಾಗಿ ಮಾಡಬೇಕಾದ ಒಂದು ಕೆಲಸಕ್ಕೆ ದೇವರು ಒಬ್ಬರನ್ನು ಮೀಸಲಿಡುವುದು, ಆ ಕೆಲಸಕ್ಕೆ ಬೇಕಾದ ಬಲವನ್ನೂ ಕೊಡುವುದು. ಒಬ್ಬರು ಇನ್ನೊಬ್ಬರಿಗಿಂತ ಮೇಲು ಎಂದು ತೋರಿಸುವುದಕ್ಕೆ ಅದು ಬಂದದ್ದಲ್ಲ.

ಯೇಸು ಸ್ವಾಮಿಯಲ್ಲಿ ಇದು ಪೂರ್ತಿ ಕಾಣುತ್ತದೆ. ಕ್ರಿಸ್ತ ಅಂದರೇ ಅಭಿಷಿಕ್ತ. ನಜರೇತಿನ ಸಭಾಮಂದಿರದಲ್ಲಿ ಅವರು ಯೆಶಾಯನ ಸುರುಳಿ ಬಿಚ್ಚಿ ಓದಿದರು: ಬಡವರಿಗೆ ಶುಭವಾರ್ತೆ ಸಾರಲು, ಸೆರೆಯವರಿಗೆ ಬಿಡುಗಡೆ ಹೇಳಲು, ಕುರುಡರಿಗೆ ಕಣ್ಣು ಕೊಡಲು, ಜಜ್ಜಿಹೋದವರನ್ನು ಬಿಡಿಸಲು ದೇವರು ನನ್ನನ್ನು ಅಭಿಷೇಕಿಸಿದ್ದಾರೆ. ಅದೇ ದಿನ ಊರಿನವರು ಸಿಟ್ಟಾಗಿ ಅವರನ್ನು ಗುಡ್ಡದ ಅಂಚಿಗೆ ತಳ್ಳಿಕೊಂಡು ಹೋದರು.

ಯೇಸುವಿನ ತಲೆಯ ಮೇಲೆ ನಿಜವಾದ ಎಣ್ಣೆ ಸುರಿದವರು ಯಾರು ಗೊತ್ತಲ್ವಾ? ಮಹಾಯಾಜಕನಲ್ಲ, ಪ್ರವಾದಿಯಲ್ಲ. ಬೇಥಾನ್ಯದ ಒಂದು ಮನೆಯಲ್ಲಿ, ಊಟದ ಹೊತ್ತಿಗೆ ಬಂದ ಒಬ್ಬ ಹೆಂಗಸು. ಮಾರ್ಕನು ಅವಳ ಹೆಸರನ್ನೂ ಹೇಳುವುದಿಲ್ಲ. ಯೋಹಾನನ ಸುವಾರ್ತೆಯಲ್ಲಿ ಅವಳು ಲಾಜರನ ತಂಗಿ ಮರಿಯಳು, ಎಣ್ಣೆ ಹಚ್ಚುವುದು ಪಾದಗಳಿಗೆ. ಅವಳು ತಂದದ್ದು ಅಚ್ಚ ಜಟಾಮಾಂಸಿ ತೈಲ. ಆ ಗಿಡ ಬೆಳೆಯುವುದು ನಮ್ಮ ಹಿಮಾಲಯದ ಎತ್ತರದಲ್ಲಿ. ಅಷ್ಟು ದೂರದಿಂದ ಬರಬೇಕಾದ ವಸ್ತು, ಬೆಲೆ 300 ದಿನಾರಿಗೂ ಮೇಲೆ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. ಅಲ್ಲಿಗೆ ಆ ತೈಲದ ಬೆಲೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ ಆಯಿತು. ಅವಳು ಭರಣಿಯನ್ನೇ ಒಡೆದು ಸುರಿದಳು. ಸುತ್ತ ಇದ್ದವರು ಬೈದರು. ಯೇಸು ಸ್ವಾಮಿ ಅವಳ ಪರವಾಗಿ ನಿಂತರು: ನನ್ನ ಹೂಣುವಿಕೆಗೆ ಇವಳು ಮುಂಚಿತವಾಗಿಯೇ ನನ್ನ ದೇಹಕ್ಕೆ ತೈಲ ಹಚ್ಚಿದ್ದಾಳೆ. ಅಭಿಷಿಕ್ತ ಅರಸನ ಮೇಲೆ ಎಣ್ಣೆ ಬಿದ್ದದ್ದು ಶಿಲುಬೆಗೆ ಹೋಗುವ ಮೊದಲು, ಸಮಾಧಿಯ ಸಿದ್ಧತೆಗಾಗಿ. ಆ ಹೆಂಗಸಿನ ಕೈಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಅವಳ ಕೆಲಸವನ್ನು ಲೋಕದಲ್ಲೆಲ್ಲ ನೆನಪು ಮಾಡಿಕೊಳ್ಳುತ್ತಾರೆ ಎಂದು ಯೇಸು ಸ್ವಾಮಿಯೇ ಹೇಳಿದರು. ಅಭಿಷೇಕದ ಬಗ್ಗೆ ಪ್ರಸಂಗ ಮಾಡುವವರು ಈ ಹೆಂಗಸನ್ನು ಬಿಟ್ಟು ಪ್ರಸಂಗ ಮಾಡಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಈಗ ನಿಮ್ಮ ತಮ್ಮನನ್ನು ಹೆದರಿಸಿದ ವಚನ. ಅದು 105ನೇ ಕೀರ್ತನೆಯ 15ನೇ ವಚನ. ಒಂದೇ ವಚನ ಕಿತ್ತುಕೊಂಡರೆ ಅದು ಬೆದರಿಕೆಯ ಹಾಗೆ ಕೇಳುತ್ತದೆ. ಹಿಂದಿನ ಮೂರ್ನಾಲ್ಕು ವಚನ ಸೇರಿಸಿ ಓದಿ. ಅಲ್ಲಿರುವವರು ಅಬ್ರಹಾಮ, ಇಸಾಕ, ಯಾಕೋಬ. ಸ್ವಲ್ಪವೇ ಜನ, ಸ್ವಂತ ನೆಲ ಇಲ್ಲ, ದೇಶದಿಂದ ದೇಶಕ್ಕೆ ಅಲೆಯುತ್ತಿದ್ದಾರೆ. ಅವರನ್ನು ಮುಟ್ಟಬೇಡಿ ಎಂದು ದೇವರು ಗದರಿಸುವುದು ಯಾರನ್ನು? ಅರಸರನ್ನು. ಅಧಿಕಾರ ಇಲ್ಲದವರನ್ನು ಅಧಿಕಾರ ಇದ್ದವರಿಂದ ಕಾಪಾಡುವ ಮಾತು ಅದು. ಮೈಕು ಕೈಯಲ್ಲಿ ಹಿಡಿದವರು ಕಾಯಿಲೆಯ ತಾಯಿಯ ಮಗನ ಬಾಯಿ ಮುಚ್ಚಿಸಲು ಅದನ್ನು ಬಳಸಿದರೆ, ವಚನ ತಲೆಕೆಳಗಾಗುತ್ತದೆ.

ತನ್ನನ್ನು ಕೊಲ್ಲಲು ಅಟ್ಟಿಸಿಕೊಂಡು ಬಂದ ಸೌಲನ ಮೇಲೆ ದಾವೀದ ಕೈ ಎತ್ತಲಿಲ್ಲ, ಅಭಿಷಿಕ್ತ ಎಂದು ಬಿಟ್ಟುಬಿಟ್ಟ, ನಿಜ. ಅಲ್ಲಿನ ಪ್ರಶ್ನೆ ಕೊಲೆಯದು. ಕೊಲ್ಲಲಿಲ್ಲ, ಆದರೆ ಸುಮ್ನೆ ಕೂರಲೂ ಇಲ್ಲ. ಗುಹೆಯಿಂದ ಹೊರಗೆ ಬಂದು, ನನ್ನನ್ನು ಯಾಕೆ ಬೇಟೆಯಾಡುತ್ತಿದ್ದೀ, ನನಗೂ ನಿನಗೂ ಕರ್ತನೇ ನ್ಯಾಯ ತೀರಿಸಲಿ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ. ಮುಂದೆ ಅದೇ ದಾವೀದ ಅರಸನಾಗಿ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಿಸಿದಾಗ ನಾತಾನ ಪ್ರವಾದಿ ಮುಖಕ್ಕೇ ಹೇಳಿದ: ಆ ಮನುಷ್ಯ ನೀನೇ. ಅದರ ಹಿಂದೆಯೇ ದೇವರ ಮಾತಾಗಿ ಇನ್ನೊಂದು ವಾಕ್ಯ ಬರುತ್ತದೆ. ನಿನ್ನನ್ನು ಅರಸನಾಗಿ ಅಭಿಷೇಕಿಸಿದವನು ನಾನು. ನೋಡಿ, ಅಭಿಷೇಕ ಅಲ್ಲಿ ದಾವೀದನಿಗೆ ರಕ್ಷಣೆಯಾಗಲಿಲ್ಲ. ಅವನನ್ನು ಲೆಕ್ಕ ಕೇಳಲು ದೇವರು ಎತ್ತಿದ ಮೊದಲ ಕಾರಣವೇ ಅದಾಯಿತು. ನಿಮ್ಮ ತಮ್ಮ ಪಾಪ ಮಾಡಿಲ್ಲ. ಮರ್ಯಾದೆಯಿಂದ ಕೇಳಲಿ, ಆದರೆ ಕೇಳಲಿ.

ನಮ್ಮಂಥವರಿಗೆ ಅಭಿಷೇಕ ಇಲ್ಲವಾ ಎಂಬ ನಿಮ್ಮ ಪ್ರಶ್ನೆ ನನಗೆ ತುಂಬಾ ನೋವು ತಂದಿತು. ಯೋಹಾನನ ಮೊದಲ ಪತ್ರದ 2ನೇ ಅಧ್ಯಾಯ ನಿಮಗಾಗಿಯೇ ಬರೆದಂತಿದೆ. ಆ ಸಭೆಯಿಂದ ಕೆಲವರು ಹೊರಗೆ ಹೋಗಿದ್ದರು. ಉಳಿದವರನ್ನು ದಾರಿ ತಪ್ಪಿಸುವ ಬೋಧನೆ ಸುತ್ತ ಹರಡಿತ್ತು. ಹೆದರಿದ್ದ ಸಾಮಾನ್ಯ ಜನರಿಗೆ ಯೋಹಾನ ಬರೆಯುತ್ತಾನೆ: ಪವಿತ್ರನಾದಾತನಿಂದ ಅಭಿಷೇಕ ಹೊಂದಿದವರು ನೀವು. ಅದು ನಿಮ್ಮಲ್ಲಿ ನೆಲೆಯಾಗಿದೆ. ಓದು ಬರಹ ಬಾರದ ಅಜ್ಜಿಯರೂ, ಆಳುಗಳೂ ಆ ಸಭೆಯಲ್ಲಿ ಕೂತು ಇದನ್ನು ಕೇಳಿಸಿಕೊಂಡಿರಬೇಕು. ಪೌಲ ಕೂಡ ಕೊರಿಂಥದವರಿಗೆ, ದೇವರು ನಮ್ಮನ್ನು ಅಭಿಷೇಕಿಸಿ, ಮುದ್ರೆ ಹಾಕಿ, ಹೃದಯದಲ್ಲಿ ಪವಿತ್ರಾತ್ಮನನ್ನು ಸಂಚಕಾರವಾಗಿ ಕೊಟ್ಟಿದ್ದಾರೆ ಎಂದು ಬರೆದ. ಹಳೆಯ ಸಭೆ ಇದನ್ನು ದೀಕ್ಷಾಸ್ನಾನದಲ್ಲೇ ಮಾಡಿ ತೋರಿಸುತ್ತಿತ್ತು. 4ನೇ ಶತಮಾನದ ಜೆರೂಸಲೇಮಿನ ಬಿಷಪ್ ಸಿರಿಲ್ ಹೆಸರಿನಲ್ಲಿ ಉಳಿದಿರುವ ಉಪದೇಶಗಳ ಪ್ರಕಾರ, ನೀರಿನಿಂದ ಮೇಲೆ ಬಂದವರಿಗೆಲ್ಲ ಹಣೆ, ಕಿವಿ, ಮೂಗು, ಎದೆಗೆ ಸುವಾಸನೆಯ ತೈಲ ಹಚ್ಚುತ್ತಿದ್ದರು. ಯಾಜಕನಾಗುವವನಿಗೆ ಮಾತ್ರ ಅಲ್ಲ, ಬಂದ ಪ್ರತಿಯೊಬ್ಬರಿಗೂ. ನಮ್ಮ ನಡುವಿನ ಸಿರಿಯನ್ ಸಭೆಗಳು ಇವತ್ತಿಗೂ ಎಳೆ ಮಗುವಿಗೆ ದೀಕ್ಷಾಸ್ನಾನದ ಜೊತೆಯಲ್ಲೇ ಪವಿತ್ರ ಮೂರೋನ್ ತೈಲ ಹಚ್ಚುತ್ತವೆ.

ಇದನ್ನು ಬರೆದದ್ದು ಪವಿತ್ರಾತ್ಮನ ಅನುಭವಕ್ಕೆ ಒತ್ತು ಕೊಡುವ ಪೆಂಟೆಕೋಸ್ಟ್ ಸಭೆಗಳ ಮೇಲಿನ ಕೋಪದಿಂದಲ್ಲ. ಒಂದು ಪ್ರಸಂಗ ಕೇಳುವಾಗ ಎದೆ ನಡುಗುವುದು, ಕಣ್ಣು ತುಂಬುವುದು, ಬದುಕು ಬದಲಾಗುವುದು ನಿಜವಾದ ಅನುಭವ. ಅದನ್ನು ಅಭಿಷೇಕ ಎಂದು ಕರೆಯುವುದರಲ್ಲಿ ತಪ್ಪಿಲ್ಲ. ಆ ಚಳವಳಿಗೆ ದೊಡ್ಡ ಚಾಲನೆ ಸಿಕ್ಕಿದ್ದು 1906ರಲ್ಲಿ, ಲಾಸ್ ಏಂಜಲೀಸಿನ ಅಜುಸಾ ಬೀದಿಯಲ್ಲಿ. ಅದನ್ನು ನಡೆಸಿದವರು ವಿಲಿಯಂ ಸೀಮೋರ್. ಒಂದು ಕಾಲಕ್ಕೆ ಗುಲಾಮರಾಗಿದ್ದ ತಂದೆತಾಯಿಯ ಮಗ. ಕರಿಯರು, ಬಿಳಿಯರು ಒಟ್ಟಿಗೆ ಕೂರುವುದೇ ಅಪರೂಪವಾಗಿದ್ದ ದೇಶದಲ್ಲಿ ಅಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಮೊಣಕಾಲೂರಿದರು. ಆತ್ಮ ಎಲ್ಲರ ಮೇಲೆ ಬರುತ್ತದೆ ಎಂಬುದೇ ಆ ಸಭೆಗಳ ಮೂಲ ಸಾಕ್ಷಿ. 'ನನ್ನ ಮೇಲಿದೆ, ನಿಮ್ಮ ಮೇಲಿಲ್ಲ' ಎನ್ನುವವರು ತಮ್ಮ ಹಿರಿಯರ ಸಾಕ್ಷಿಯನ್ನೇ ಮರೆತಿದ್ದಾರೆ.

ಪಕ್ಕದ ಮನೆಯ ಆಂಟಿಯ ಮೇಲೆ ಬೇಸರ ಬೇಡ. ಅಮ್ಮ ಅತ್ತದ್ದಕ್ಕೂ ಕಾರಣ ಇದೆ. ಕ್ಯಾಥೊಲಿಕ್ ಸಭೆಯಲ್ಲಿ ರೋಗಿಗಳಿಗೆ ಎಣ್ಣೆ ಹಚ್ಚುವ ಈ ಸಂಸ್ಕಾರ ಶತಮಾನಗಳ ಕಾಲ ಸಾಯುವವರಿಗೇ ಮೀಸಲಾಗಿಬಿಟ್ಟಿತ್ತು. ಎಣ್ಣೆ ಹಚ್ಚಲು ಗುರುಗಳು ಬಂದರೆಂದರೆ ಮುಗಿಯಿತು ಎಂದೇ ಜನ ತಿಳಿಯುತ್ತಿದ್ದರು. ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ತಿದ್ದಿತು. ಇದು ಕೊನೆಯ ಉಸಿರಿನವರಿಗೆ ಮಾತ್ರ ಅಲ್ಲ, ರೋಗಿಗಳ ಸಂಸ್ಕಾರ ಎಂದಿತು. 1972ರಲ್ಲಿ ಪೋಪ್ ಆರನೇ ಪೌಲರು ಹೊಸ ಕ್ರಮ ಕೊಟ್ಟರು. ಈಗ ಗುರುಗಳು ಹಣೆಗೆ ಮತ್ತು ಕೈಗಳಿಗೆ ಹಚ್ಚುತ್ತಾರೆ. ಗಂಭೀರ ಕಾಯಿಲೆ ಇದ್ದವರು, ದೊಡ್ಡ ಆಪರೇಷನ್‌ಗೆ ಹೋಗುವವರು, ತೀರಾ ವಯಸ್ಸಾದವರು ಪಡೆಯಬಹುದು. ಕಾಯಿಲೆ ಹೆಚ್ಚಾದರೆ ಮತ್ತೆ ಪಡೆಯಬಹುದು. ಸಾಯುವವರಿಗೆ ಕೊನೆಯದಾಗಿ ಕೊಡುವುದು ಎಣ್ಣೆಯಲ್ಲ, ಪರಮಪ್ರಸಾದ (ನಾವು ಕರ್ತನ ಭೋಜನ ಎನ್ನುವುದು). ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ. ಆ ಸಂಸ್ಕಾರ ಸಾಮಾನ್ಯವಾಗಿ ಅವರ ಸಭೆಯವರಿಗೇ ಸಿಗುವಂಥದ್ದು. ಆದರೆ ಫಾದರ್ ಬಂದು ಪ್ರಾರ್ಥನೆ ಮಾಡಿ ಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ನಮ್ಮ ಸಿ.ಎಸ್.ಐ. ಮನೆಗಳಲ್ಲಿ ಎಣ್ಣೆಯ ಬಳಕೆ ಕಡಿಮೆ. 1947ರಲ್ಲಿ ಒಂದಾಗಿ ಸಿ.ಎಸ್.ಐ. ಆದ ಪ್ರೊಟೆಸ್ಟೆಂಟ್ ಪಂಗಡಗಳಿಂದ ಬಂದ ರೂಢಿ ಅದು. ಇಂಗ್ಲೆಂಡಿನ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ 1549ರಲ್ಲಿ ರೋಗಿಗಳಿಗೆ ಎಣ್ಣೆ ಹಚ್ಚುವ ಕ್ರಮ ಇತ್ತು, 1552ರಲ್ಲಿ ತೆಗೆದುಹಾಕಿದರು. ಯಾಕೋಬನ ಪತ್ರವನ್ನು ಮಾತ್ರ ಯಾರೂ ತೆಗೆದಿಲ್ಲ. ಆದ್ದರಿಂದ ನಿಮ್ಮ ಸಭಾಪಾಲಕರಿಗೆ ಫೋನ್ ಮಾಡಿ. ಅಮ್ಮನಿಗೆ ಇಷ್ಟವಿದೆಯಾ ಎಂದು ಮೊದಲು ಅವರನ್ನೇ ಕೇಳಿ. ಇದ್ದರೆ ಸಭಾಪಾಲಕರೂ ಒಂದಿಬ್ಬರು ಹಿರಿಯರೂ ಮನೆಗೆ ಬರಲಿ, ಯಾಕೋಬ ಹೇಳಿದಂತೆ ಮಾಡಲಿ. ಬಿದ್ದ ಕೈಯನ್ನು ಹಿಡಿದುಕೊಂಡು ಪ್ರಾರ್ಥಿಸಲಿ. ಫಿಸಿಯೋಥೆರಪಿ, ಬಿ.ಪಿ. ಮಾತ್ರೆ ಒಂದು ದಿನವೂ ನಿಲ್ಲಿಸಬೇಡಿ. ಯೇಸು ಸ್ವಾಮಿ ಹೇಳಿದ ಕಥೆಯಲ್ಲಿ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರದವನಿಗೆ ಆರೈಕೆಯ ಖರ್ಚನ್ನೂ ಕೊಟ್ಟ. ಪ್ರಾರ್ಥನೆಗೂ ಔಷಧಿಗೂ ಜಗಳ ಹಚ್ಚುವುದು ಸತ್ಯವೇದದ ರೀತಿಯಲ್ಲ.

ಯಾವ ಎಣ್ಣೆ ಎಂದು ಕೇಳಿದ್ದೀರಿ. ಯಾಕೋಬ ಎಣ್ಣೆಯ ಹೆಸರು ಹೇಳಿಲ್ಲ. ಅವನ ಊರಿನಲ್ಲಿ ಮನೆಮನೆಯಲ್ಲಿ ಇದ್ದದ್ದು ಆಲಿವ್ ಎಣ್ಣೆ. ಆಲಿವ್ ಸಿಗದ ಕಡೆ ಬೇರೆ ಗಿಡಮರಗಳ ಎಣ್ಣೆ ಬಳಸಬಹುದು ಎಂದು ಕ್ಯಾಥೊಲಿಕ್ ಸಭೆಯೂ 1972ರಲ್ಲೇ ಒಪ್ಪಿದೆ. ನಿಮ್ಮ ಅಡುಗೆಮನೆಯ ತೆಂಗಿನೆಣ್ಣೆ ಸಾಕು. ಕೊಂಡು ತಂದ ಆ ಬಾಟಲಿಯನ್ನು ಏನು ಮಾಡಬೇಕೆಂದು ಹೆದರಬೇಡಿ. ಅದೂ ಬರೀ ಎಣ್ಣೆಯೇ. ಇಟ್ಟುಕೊಂಡರೂ ಚೆಲ್ಲಿದರೂ ನಿಮಗೆ ಏನೂ ಆಗುವುದಿಲ್ಲ.

– ಸಂಪಾದಕ